ಅಂಕಪಟ್ಟಿಯನ್ನು ಓದುವ ಬಗೆ

ಫಾರ್ಮುಲಾ ಒನ್ ಮೋಟಾರು ಪಂದ್ಯಗಳ ಅಭಿಮಾನಿಗಳು ಮನೆಯಲ್ಲಿಯೇ ಕುಳಿತು ಆಡುವ ಆಟವೊಂದುಂಟು. 10 ಕೋಟಿ ಡಾಲರುಗಳ ಕಾಲ್ಪನಿಕ ಹಣದಲ್ಲಿ 5 ಮಂದಿ ಚಾಲಕರನ್ನೂ 2 ಕಾರು ಸಂಸ್ಥೆಗಳನ್ನೂ ಕೊಂಡು ತಂಡ ಕಟ್ಟಬೇಕು. ಅವರು ಓಡಿದಂತೆ ನಿಮಗೆ ಅಂಕ. ಹಾಗಾದರೆ ಚಾಂಪಿಯನ್‌ಷಿಪ್ ಪಟ್ಟಿಯ ಮೇಲ್ತುದಿಯವರನ್ನೇ ಆರಿಸಿದರಾಯಿತಲ್ಲ, ಎನ್ನುವಿರಾ? ತುಸು ತಾಳಿ.

ಗೆದ್ದವನಿಗೆ 25, ಎರಡನೆಯವನಿಗೆ 18, ಹತ್ತನೆಯವನಿಗೆ 1. ಹೀಗೆ ವರ್ಷದ ಮೊದಲಿನಿಂದ ಕೂಡುತ್ತ ಬಂದ ಮೊತ್ತವೇ ಆ ಪಟ್ಟಿ. ಹಿಂದೆ ಗಳಿಸಿಟ್ಟ ಗಂಟನ್ನು ಅದು ತೋರಿಸೀತು. ಇಂದಿನ ಕಸುವನ್ನು ಹೇಳಲಾರದು. 2024ರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಮೊದಲ 10 ಪಂದ್ಯಗಳಲ್ಲಿ 7ನ್ನು ಗೆದ್ದರು. ಅನಂತರದ 10ರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಆದರೂ ಪಟ್ಟಿಯಲ್ಲಿ ಅವರೇ ಮೊದಲಿಗರು. ಕೊನೆಗೆ 437 ಅಂಕಗಳೊಡನೆ ಚಾಂಪಿಯನ್ ಆದವರೂ ಅವರೇ. ಅತ್ತ ಸಂಸ್ಥೆಗಳ ಪ್ರಶಸ್ತಿ 666 ಅಂಕಗಳಿಸಿದ ಮೆಕ್ಲಾರೆನ್ ಪಾಲಾಯಿತು.

ಮಕ್ಕಳ ವಿಷಯದಲ್ಲಿ ಉಪಾಧ್ಯಾಯರು ಮಾಡುವುದನ್ನೇ ಇಲ್ಲಿಯೂ ಮಾಡಿ. ವರ್ಷದ ಒಟ್ಟು ಅಂಕದ ಜೊತೆಗೆ ಈಚಿನ ಪರೀಕ್ಷೆಗಳನ್ನೂ ನೋಡಿ. ಕಳೆದ ಮೂರು ನಾಲ್ಕು ಪಂದ್ಯಗಳ ಅಂಕಗಳನ್ನು ಬೇರೆಯಾಗಿ ಕೂಡಿ, ಚಾಲಕನ ಬೆಲೆಯೊಡನೆ ತೂಗಿ. ಇರುವ ಹಣವನ್ನೆಲ್ಲ ಒಂದು ಹೆಸರಿಗೇ ಸುರಿದರೆ ಉಳಿದ ನಾಲ್ವರನ್ನು ಕೊಳ್ಳುವಾಗ ಕೈ ಬರಿದಾಗುತ್ತದೆ.