ಜ್ವರ ಬಂದ ಮಗು ಮತ್ತು ನಮ್ಮ ಹಾಜರಾತಿ ನಿಯಮ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಆಡಿದ ಮಾತುಗಳು)



2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದವು. ಮಸೀದಿಗಳಲ್ಲಿ ಸಾಮೂಹಿಕ ನಮಾಜ್ ನಿಂತಿತು. ಆ ವರ್ಷದ ಈದ್ ನಮಾಜನ್ನು ಮನೆಯಲ್ಲೇ ಮಾಡಿದೆವು. ಅದು ಸರಿಯಾದ ಕ್ರಮವೆಂದೇ ಇಂದಿಗೂ ನಂಬಿದ್ದೇವೆ. ಆದರೆ ಜೂನ್‌ನಲ್ಲಿ ಪ್ರಾರ್ಥನಾ ಸ್ಥಳಗಳು ತೆರೆಯಲು ಅನುಮತಿ ಸಿಕ್ಕಿತು, ಶಾಲೆ ತೆರೆಯಲಿಲ್ಲ. 1ರಿಂದ 5ನೇ ತರಗತಿಗಳು ಮತ್ತೆ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. 2ನೇ ತರಗತಿಯಿಂದ ಮನೆಗೆ ಹೋದ ಮಗು ಮರಳಿ ಬಂದು ಕುಳಿತಿದ್ದು 4ನೇ ತರಗತಿಯಲ್ಲಿ!

ನಡುವೆ ವಿದ್ಯಾಗಮ ಬಂತು. ಶಿಕ್ಷಕರು ಓಣಿಗೇ ಬಂದು ಮರದ ನೆರಳಲ್ಲಿ ಕಲಿಸಿದರು. ಸೋಂಕಿನ ಭಯದಿಂದ 2020ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆನ್‌ಲೈನ್ ಪಾಠದ ಮಾತು ಬೇಡ. ಮನೆಗೊಂದೇ ಮೊಬೈಲ್, ಅದು ಬೆಳಿಗ್ಗೆಯೇ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಅಡಿಕೆ ಸುಲಿಯಲು, ಗ್ಯಾರೇಜಿಗೆ ಹೋದ ಮಕ್ಕಳಲ್ಲಿ ಕೆಲವರು ಮತ್ತೆ ಶಾಲೆಯ ಮುಖ ನೋಡಲಿಲ್ಲ.

ಆ ಭಯದಿಂದಲೇ ನಾವು ಶೇ 85 ಹಾಜರಾತಿ ಕಡ್ಡಾಯ ಮಾಡಿದೆವು. ಉದ್ದೇಶ ಒಳ್ಳೆಯದೇ. ಆದರೆ ಕಳೆದ ವರ್ಷ ತಾಯಿಯೊಬ್ಬರು ಮಂಗನಬಾವು ಬಂದ ಮಗಳ ಕೆನ್ನೆಗೆ ದುಪಟ್ಟಾ ಸುತ್ತಿ ಶಾಲೆಗೆ ಕಳುಹಿಸಿದರು. ಕೇಳಿದರೆ, "ಹಾಜರಾತಿ ಕಡಿಮೆಯಾದರೆ ಸ್ಕಾಲರ್‌ಶಿಪ್ ಹೋಗುತ್ತದಲ್ಲ?" ಎಂದರು. ಮೂರು ವಾರದೊಳಗೆ ಅದೇ ತರಗತಿಯ ಇನ್ನಷ್ಟು ಮಕ್ಕಳು ಮಲಗಿದರು. ತಪ್ಪು ಆ ತಾಯಿಯದಲ್ಲ, ನಮ್ಮ ನಿಯಮದ್ದು.

ಈ ಸಾಲಿನಿಂದ ನಿಯಮ ಬದಲಾಗಿದೆ. ಮಂಗನಬಾವಾದರೆ ಊತ ಕಾಣಿಸಿದ ಮೇಲೆ 5 ದಿನ, ದಡಾರವಾದರೆ ಗುಳ್ಳೆ ಎದ್ದ ಮೇಲೆ 4 ದಿನ, ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳಿಕೆ ಕಟ್ಟುವವರೆಗೆ ಮಗು ಮನೆಯಲ್ಲಿರಲಿ. ಆ ದಿನಗಳನ್ನು ಗೈರುಹಾಜರಿ ಎಂದು ಎಣಿಸುವುದಿಲ್ಲ. ವೈದ್ಯರ ಪ್ರಮಾಣಪತ್ರಕ್ಕೆ ಹಣ ಸುರಿಯಬೇಡಿ. ಆಶಾ ಕಾರ್ಯಕರ್ತೆ ಅಥವಾ ಮುಖ್ಯಶಿಕ್ಷಕರ ಒಂದು ಸಾಲಿನ ಚೀಟಿ ಸಾಕು.

ಮಗು ಮನೆಯಲ್ಲಿ ಉಳಿದರೆ ತಾಯಿಯ ಕೂಲಿ ತಪ್ಪುತ್ತದೆ, ಗೊತ್ತು. ಅದಕ್ಕೆ ನಮ್ಮ ಬಳಿ ಇನ್ನೂ ಹಣವಿಲ್ಲ. ದಾನಿಗಳಲ್ಲಿ ಈ ವಿಷಯವನ್ನು ಇಂದು ಮುಂದಿಡುತ್ತಿದ್ದೇವೆ.

ಕಳೆದ ಸಾಲಿನಲ್ಲಿ ಹಾಜರಾತಿ ಕೊರತೆಯಿಂದ ತಿರಸ್ಕೃತರಾದವರು ಮತ್ತೆ ಅರ್ಜಿ ಹಾಕಿ. ಹಳೆಯ ಅರ್ಜಿಗಳು ನಮ್ಮಲ್ಲೇ ಇವೆ. ಈ ವರ್ಷದ ವ್ಯಾಸಂಗ ಪ್ರಮಾಣಪತ್ರ ಮಾತ್ರ ತಂದರೆ ಸಾಕು.