ಬಾಡಿಗೆ ಕೋಣೆಯವನ ವಿಳಾಸ

(ಕಮಲಾಪುರದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹುಮನಾಬಾದ ರಸ್ತೆ ಹಿಡಿದು ಕಲಬುರಗಿಗೆ ದುಡಿಯಲು ಹೋಗುವವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಕಪನೂರಿನ ಬೇಳೆ ಗಿರಣಿಗಳಲ್ಲಿ ಚೀಲ ಹೊರುವವರು, ಗಂಜಿನಲ್ಲಿ ಹಮಾಲಿ ಮಾಡುವವರು, ಕೈಗಾಡಿಯ ಮೇಲೆ ನಮ್ಮೂರ ಕೆಂಪು ಬಾಳೆಹಣ್ಣು ಮಾರುವವರು. ತೊಗರಿಯ ಸುಗ್ಗಿ ಇರುವ ತನಕ ತಗಡಿನ ಕೋಣೆ, ಮುಗಿದರೆ ಮತ್ತೆ ಊರು. ಇಂಥವರು ಯಾವ ಕಚೇರಿಗೆ ಹೋದರೂ ಎದುರಾಗುವ ಮೊದಲ ಪ್ರಶ್ನೆ, "ವಿಳಾಸದ ಪುರಾವೆ ಎಲ್ಲಿ?" ಎಂಬುದು.

ಪುರಾವೆ ಕೊಡಬೇಕಾದವನು ಮನೆಯ ಮಾಲೀಕ. ಅವನು ತಿಂಗಳ ಬಾಡಿಗೆಯನ್ನು ತಪ್ಪದೆ ಎಣಿಸಿಕೊಳ್ಳುತ್ತಾನೆ. ಒಂದು ಚೀಟಿ ಬರೆದುಕೊಡಿರೆಂದರೆ ಮಾತ್ರ, ನಾಳೆ ಬಾ ಅನ್ನುತ್ತಾನೆ. ಆದರೆ ಅದೇ ಮಾಲೀಕನ ಮನೆಗೆ ಪರದೇಶದ ವಿದ್ಯಾರ್ಥಿಯೊಬ್ಬ ಬಂದು ಇಳಿಯಲಿ, 24 ಗಂಟೆಯೊಳಗೆ ಅಧಿಕಾರಿಗಳಿಗೆ ಅವನ ವಿವರ ಕಳುಹಿಸಲೇಬೇಕು. ಪರದೇಶಿಯರ ನೋಂದಣಿಗೆ 1939ರ ಕಾಯಿದೆ ಇತ್ತು. 2025ರ ಸೆಪ್ಟೆಂಬರ್ 1ರಿಂದ ಅದರ ಜಾಗದಲ್ಲಿ ಹೊಸ ಕಾಯಿದೆ ಬಂದಿದೆ. ಇದು ಪರದೇಶಿಯ ಮೇಲಿನ ಪ್ರೀತಿಯಿಂದಲ್ಲ, ಕಣ್ಣಿಡುವುದಕ್ಕೆ ಎಂಬುದು ಬೇರೆ ಮಾತು. ಹೇಗೂ ಅವನು ಎಲ್ಲಿದ್ದಾನೆಂಬುದು ಸರಕಾರಕ್ಕೆ ಗೊತ್ತಿರುತ್ತದೆ. ಕಮಲಾಪುರದಿಂದ ಹೋದ ನಾಗರಿಕ ಎಲ್ಲಿ ಮಲಗುತ್ತಾನೆಂಬುದು ಯಾವ ಪುಸ್ತಕದಲ್ಲೂ ಇಲ್ಲ!

ನಮ್ಮ ತಾಂಡಾಗಳಲ್ಲಿ ಎಷ್ಟೋ ಮಂದಿಗೆ ಸ್ವಂತ ಗುಡಿಸಲಿದ್ದರೂ ದಾಖಲೆ ಇರಲಿಲ್ಲ. ಐದು ಜಿಲ್ಲೆಗಳ ಸುಮಾರು 50,000 ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು 2023ರ ಜನವರಿಯಲ್ಲಿ, ಮಳಖೇಡದಲ್ಲಿ. ಊರಿನಲ್ಲೇ ಹೀಗಿದ್ದ ಮೇಲೆ ಪಟ್ಟಣದ ಬಾಡಿಗೆ ಕೋಣೆಯ ಪಾಡೇನು?

ಈಗ ಕಾಯಿದೆ ಏನನ್ನುತ್ತದೆ ನೋಡೋಣ. ಮತದ ವಿಷಯದಲ್ಲಿ 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ 20ನೇ ಕಲಮು ಬಹಳ ನೇರವಾಗಿದೆ. ಮನೆಯ ಒಡೆತನ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಆ ಕ್ಷೇತ್ರದ ವಾಸಿಯಾಗುವುದಿಲ್ಲ. ನೋಡಬೇಕಾದದ್ದು ಸಾಮಾನ್ಯವಾಗಿ ವಾಸ ಎಲ್ಲಿ ಎಂಬುದನ್ನು. ಮಾಳಿಗೆಯ ಧಣಿಗೂ ತಗಡಿನ ಕೋಣೆಯ ಹಮಾಲನಿಗೂ ಇಲ್ಲಿ ಒಂದೇ ಅಳತೆ. ಸೂರಿಲ್ಲದೆ ಬಯಲಲ್ಲಿ ಮಲಗುವವನಿಗೂ ಹಕ್ಕುಂಟು. ಅವನಿಗೆ ಕಾಗದವಿಲ್ಲದಿದ್ದರೆ ಅಧಿಕಾರಿಯೇ ಸ್ಥಳಕ್ಕೆ ಬಂದು ನೋಡಬೇಕು. "ಕಾಗದವಿಲ್ಲ, ಹೋಗು" ಎಂದು ಯಾರಾದರೂ ಅಂದರೆ, ಸ್ಥಳ ಪರಿಶೀಲನೆಗೆ ಬನ್ನಿರಿ ಎಂದು ಕೇಳಿರಿ.

ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಊರಿನ ವಾಸ ತಪ್ಪುವುದಿಲ್ಲ. ಹೀಗಾಗಿ ನಾಲ್ಕು ತಿಂಗಳ ಸುಗ್ಗಿಗೆ ಹೋಗಿ ಬರುವವರು ಕಮಲಾಪುರದ ಮತವನ್ನು ಬಿಡಬಾರದು ಎಂದೇ ನಮ್ಮ ಸಲಹೆ. ಹೆಂಡತಿ ಮಕ್ಕಳೊಡನೆ ಕಲಬುರಗಿಯಲ್ಲೇ ನೆಲೆ ನಿಂತವರು 8ನೇ ನಮೂನೆ ತುಂಬಿ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಲಿ. ಎರಡೂ ಕಡೆ ಹೆಸರಿಟ್ಟುಕೊಳ್ಳುವುದು ಬೇಡ. ಅದಕ್ಕೆ ಕಾಯಿದೆಯಲ್ಲಿ ಅವಕಾಶವಿಲ್ಲ, ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಶಿಕ್ಷೆಯೂ ಉಂಟು.

ರೇಷನ್ನಿನ ಬಗ್ಗೆ ಇಷ್ಟು ತಲೆನೋವಿಲ್ಲ. ಊರಿನ ಚೀಟಿಯ ಮೇಲೆಯೇ ಕಲಬುರಗಿಯ ಅಂಗಡಿಯಲ್ಲಿ ಬೆರಳೊತ್ತಿ ಧಾನ್ಯ ತೆಗೆದುಕೊಳ್ಳಬಹುದು. ಚೀಟಿ ಬದಲಿಸಿಕೊಡುತ್ತೇವೆಂದು ಹಣ ಕೇಳುವ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿರಿ.

ಇನ್ನು ಅಂಗಡಿಕಾರ ಬಂಧುಗಳಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರು ಅಂಗಡಿಯ ಹಿಂದೆ ಒಂದು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೀರಿ. ವಿಳಾಸ ಬರೆದುಕೊಟ್ಟರೆ ಬಾಡಿಗೆದಾರ ಮನೆಯನ್ನೇ ನುಂಗುತ್ತಾನೆಂಬ ಹೆದರಿಕೆ ನಿಮಗಿದೆ. ಇವನು ಇಲ್ಲಿ ವಾಸವಾಗಿದ್ದಾನೆ ಎಂಬ ಚೀಟಿ ಒಡೆತನದ ಪತ್ರವಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಬಂದರೆ ಗೋಡೆ ಅವನದಾಗುವುದಿಲ್ಲ. ಆದರೆ ಆ ಚೀಟಿ ಇಲ್ಲದೆ ಅವನು ಕಳೆದುಕೊಳ್ಳುವುದು ಬಹಳ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಬಾಡಿಗೆದಾರನಿಗೂ ಪಾಲಿದೆ. ಆ ಮನೆಯಲ್ಲಿ ಇರುವುದಕ್ಕೆ ಪುರಾವೆ ಇಲ್ಲದವನು ಕರೆಂಟಿನ ಹಣವನ್ನು ಮಾಲೀಕ ಹೇಳಿದಷ್ಟು ಕೊಟ್ಟು ಸುಮ್ಮನಿರಬೇಕು. ನಿಮ್ಮ ಅಂಗಡಿಯಲ್ಲಿ ಉದ್ರಿ ಬರೆಸುವವನೂ ಅವನೇ ತಾನೆ? ಉದ್ರಿ ಪುಸ್ತಕದಲ್ಲಿ ಅವನ ವಿಳಾಸ ಇರುತ್ತದೆಯಲ್ಲ!

ಒಬ್ಬೊಬ್ಬರೇ ಹೋಗಿ ಮಾಲೀಕನ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಒಂದು ಗಿರಣಿಯ, ಒಂದು ಓಣಿಯ ಹತ್ತು ಮಂದಿ ಕೂಡಿ ಕೇಳಿರಿ. ನಮೂನೆ ಕೊಟ್ಟಾಗ ಅದರ ಕೆಳಗಿನ ಸ್ವೀಕೃತಿ ಚೀಟಿಯನ್ನು ಹರಿಸಿಕೊಂಡೇ ಬನ್ನಿರಿ. ಬಾಯಿಮಾತಿನ "ಆಗುತ್ತದೆ" ಎಂಬುದಕ್ಕೆ ತಾರೀಖು ಇರುವುದಿಲ್ಲ.