ಒಬ್ಬರೇ ಹೂಡುವ ಕಸುಬಿಗೆ ಒಂದು ಹಾಳೆಯ ಲೆಕ್ಕ

(ಮರಳೂರಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮಳೆಗಾಲ ಹತ್ತಿರ ಬಂದಿದೆ. ನಿಮಗೆಲ್ಲ ಕೈತುಂಬ ಕೆಲಸವಿದೆ ಎಂಬುದನ್ನು ನಾನು ಬಲ್ಲೆ. ಆದುದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಬೇಸಾಯದ ಜೊತೆಗೆ ಒಂದು ಸಣ್ಣ ಕಸುಬನ್ನು ಒಬ್ಬರೇ ಹೂಡಬೇಕೆಂದು ನಿಮ್ಮಲ್ಲಿ ಹಲವರು ನನ್ನ ಸಲಹೆ ಕೇಳಿದ್ದೀರಿ. ಒಬ್ಬರಿಗೆ ಎಣ್ಣೆ ಗಾಣ ಹಾಕುವ ಮನಸ್ಸು. ಒಬ್ಬ ತಾಯಿಗೆ ರಾಗಿ ಹುರಿಹಿಟ್ಟು ಮಾಡಿ ಪೇಟೆಗೆ ಕೊಡುವ ಆಸೆ. ಮತ್ತೊಬ್ಬರಿಗೆ ಕಸಿ ಗಿಡಗಳ ಸಸ್ಯಕ್ಷೇತ್ರ. ಎಲ್ಲರಿಗೂ ನನ್ನ ಉತ್ತರ ಒಂದೇ. ಗಂಟು ಬಿಚ್ಚುವ ಮೊದಲು ಒಂದು ಹಾಳೆಯ ಮೇಲೆ ಲೆಕ್ಕ ಬರೆಯಿರಿ. ಅದರಲ್ಲಿ ನಿಮ್ಮ ಸ್ವಂತ ಕೂಲಿಯನ್ನೂ ಬರೆಯಿರಿ.

"ಕೂಸು ಹುಟ್ಟುವ ಮುಂಚೆ ಕುಲಾವಿಯೇನಪ್ಪಾ?" ಎಂದು ಹಿರಿಯರೊಬ್ಬರು ನಕ್ಕರು. ಕುಲಾವಿ ಹೊಲಿಯುವುದು ಬೇಡ, ನಿಜ. ಆದರೆ ಕೂಸಿಗೆ ಹಾಲುಂಟೋ ಇಲ್ಲವೋ ಎಂದು ಮುಂಚೆಯೇ ನೋಡಿಕೊಳ್ಳುವುದು ಮನೆಯವರ ಕರ್ತವ್ಯ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ವರ್ಷ, ಅಮ್ಮನ ಓಲೆಗಳನ್ನು ಅಡವಿಟ್ಟು 500 ಹಲಸಿನ ಕಸಿ ಗಿಡ ಮಾಡಲು ಹೊರಟೆ. ಗಿಡಗಳೆಲ್ಲ ಮಾರಾಟವಾದವು. ನನಗೆ ಬಹಳ ಸಂತೋಷವಾಯಿತು. ಹಣ ಎಣಿಸಿ ನೋಡಿದರೆ ಓಲೆ ಬಿಡಿಸಿಕೊಳ್ಳುವಷ್ಟೂ ಇರಲಿಲ್ಲ. ಎಲ್ಲಿ ತಪ್ಪಿದೆ ಎಂಬುದನ್ನು ಅಂದು ರಾತ್ರಿ ಕುಳಿತು ಬರೆದೆ. ಬರೆಯಬೇಕಾಗಿದ್ದುದು ಒಂದು ವರ್ಷ ಮುಂಚೆ!

ಅದೇ ಲೆಕ್ಕವನ್ನು ಅನುಕೂಲಕ್ಕಾಗಿ ದುಂಡಂಕಿಗಳಲ್ಲಿ ಹೇಳುತ್ತೇನೆ.

ಚೀಲ, ಮಣ್ಣು, ಗೊಬ್ಬರ, ಬೀಜ: 6,000 ರೂ.
ಕಸಿಕಡ್ಡಿ ಮತ್ತು ಕಸಿ ಕಟ್ಟುವವರ ಕೂಲಿ: 8,000 ರೂ.
ನೆರಳು ಬಲೆ, ನೀರಿನ ಪೈಪು 12,000 ರೂ.; ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ: 3,000 ರೂ.
ನನ್ನ ದುಡಿಮೆ, ಒಟ್ಟು 40 ದಿನ, ದಿನಕ್ಕೆ 400ರಂತೆ: 16,000 ರೂ.
ಒಟ್ಟು: 33,000 ರೂ.

ನಾನು ಆಗ ಮಾಡಿದ್ದೇನು? ನನ್ನ ಕೂಲಿಯನ್ನು ಬಿಟ್ಟು 17,000 ರೂಪಾಯಿಗಳನ್ನು 500 ಗಿಡಗಳಿಗೆ ಹಂಚಿದೆ. ಗಿಡಕ್ಕೆ 34 ರೂಪಾಯಿ ಬಿತ್ತು. 80 ರೂಪಾಯಿಗೆ ಮಾರಿದರೆ ದುಪ್ಪಟ್ಟು ಲಾಭವೆಂದು ಹಿಗ್ಗಿದೆ. ಆದರೆ ಬದುಕಿದ ಕಸಿಗಳು 300 ಮಾತ್ರ. ಸತ್ತ ಗಿಡದ ಖರ್ಚನ್ನು ಬದುಕಿದ ಗಿಡವೇ ಹೊರಬೇಕಷ್ಟೆ. 33,000ವನ್ನು 300ಕ್ಕೆ ಹಂಚಿದರೆ ಗಿಡಕ್ಕೆ 110 ರೂಪಾಯಿ. ಅಂದರೆ ಪ್ರತಿ ಗಿಡದಲ್ಲೂ 30 ರೂಪಾಯಿ ಕಳೆದುಕೊಂಡು, ಲಾಭವೆಂದು ತಿಳಿದು ಮಾರಿದ್ದೆ. ಕೈಬಿಟ್ಟು ಹೋದ ನಗದು 26,000, ಬಂದದ್ದು 24,000.

ಇನ್ನೊಂದು ವಿಷಯ. ಹಲಸಿನ ಬೀಜ ಬಹು ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣಿನ ಕಾಲದಲ್ಲಿಯೇ ಬಿತ್ತಬೇಕು. ಗಿಡ ಕೊಳ್ಳುವವರು ಬರುವುದು ಮುಂದಿನ ಮಳೆಗೆ. ಹಣ ಹೋಗುವ ತಿಂಗಳಿಗೂ ಬರುವ ತಿಂಗಳಿಗೂ ನಡುವೆ ಹೆಚ್ಚುಕಡಿಮೆ ಒಂದು ವರ್ಷ. ಆ ವರ್ಷ ಮನೆ ನಡೆಯುವುದು ಹೇಗೆ ಎಂಬುದೂ ಹಾಳೆಯಲ್ಲಿರಬೇಕು.

ಹಾಗೆಂದು ಕಸಿ ಗಿಡದ ಕಸುಬು ಕೆಟ್ಟದ್ದಲ್ಲ. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ಚೇಳೂರನ್ನು ನೋಡಿ. ಅಲ್ಲಿಯ ರೈತರಾದ ಎಸ್. ಎಸ್. ಪರಮೇಶ ಅವರ ತೋಟದ ತಾಮ್ರಗೆಂಪು ತೊಳೆಯ ಹಲಸಿಗೆ, ಅವರ ತಂದೆಯವರ ನೆನಪಿಗೆ ‘ಸಿದ್ದು’ ಎಂದು ಹೆಸರಾಯಿತು. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅವರೊಡನೆ ಕರಾರು ಮಾಡಿಕೊಂಡಿತು. ಕಸಿಯ ತಾಂತ್ರಿಕ ನೆರವು ಸಂಸ್ಥೆಯದು, ಅದರ ಹಿರೇಹಳ್ಳಿ ಕೇಂದ್ರದ್ದು. ಬಂದ ಆದಾಯದಲ್ಲಿ 100ಕ್ಕೆ 75 ಪಾಲು ರೈತರದು. ಯಾವ ಕೆಲಸ ಯಾರದು, ಯಾವ ಪಾಲು ಯಾರದು ಎಂಬುದು ಕಾಗದದ ಮೇಲೆ ಬಂದಿತು. ಒಳ್ಳೆಯ ಮರ ಹಿತ್ತಿಲಲ್ಲಿದ್ದರೆ ಸಾಲದು, ಬರಹವೂ ಬೇಕು. ಬೇರೆ ಮರದ ಕಡ್ಡಿ ಕಟ್ಟಿ ಆ ಹೆಸರಿನಲ್ಲಿ ಮಾರುವ ಯೋಚನೆ ಮಾತ್ರ ಯಾರೂ ಮಾಡಬಾರದು.

ಈಗ ನಿಮ್ಮ ಹಾಳೆಯಲ್ಲಿ ಈ ಆರು ಪ್ರಶ್ನೆಗಳನ್ನು ಬರೆದು, ಎದುರಿಗೆ ಉತ್ತರ ಬರೆಯಿರಿ:

1. ನಾನು ಏನು ಮಾಡಿ ಮಾರುತ್ತೇನೆ?
2. ಕೊಳ್ಳುವವರು ಯಾರು? ಹತ್ತು ಮಂದಿಯನ್ನು ಕೇಳಿದ್ದೇನೆಯೇ?
3. ಮೊದಲ ಮಾರಾಟಕ್ಕೆ ಮುಂಚೆ ಕೈಯಿಂದ ಎಷ್ಟು ಹೋಗುತ್ತದೆ?
4. ಎಷ್ಟು ಕೆಡುತ್ತದೆ, ಎಷ್ಟು ಸಾಯುತ್ತದೆ, ಎಷ್ಟು ಉದ್ದರಿ ಹೋಗುತ್ತದೆ?
5. ನನ್ನ ಕೂಲಿ ಸೇರಿಸಿ ಒಂದಕ್ಕೆ ಬಿದ್ದ ಖರ್ಚೆಷ್ಟು?
6. ನಾನು ಎಂಟು ದಿನ ಜ್ವರದಿಂದ ಮಲಗಿದರೆ ಕೆಲಸ ನೋಡುವವರು ಯಾರು?

ಒಬ್ಬರೇ ನಡೆಸುವ ಕಸುಬಿನಲ್ಲಿ ಆರನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು.

ಸಾಲ ಕೇಳಲು ಹೋದಾಗಲೂ ಈ ಹಾಳೆಯೇ ಆಧಾರ. ಗಾಣ, ಹುರಿಹಿಟ್ಟಿನಂಥ ಕಸುಬಿಗೆ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿಗಳವರೆಗೆ ಅಡಮಾನವಿಲ್ಲದ ಸಾಲಕ್ಕೆ ಅವಕಾಶವಿದೆ. ಲೆಕ್ಕ ಕಲಿಯಬೇಕೆನ್ನುವವರಿಗೆ, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಉಚಿತ ತರಬೇತಿ ಕೊಡುತ್ತವೆ.

ಓದು ಬರಹ ಬಾರದವರು ಸಂಕೋಚಪಡಬೇಡಿ. ಶಾಲೆಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ; ನೀವು ಹೇಳಿ, ಅವಳು ಬರೆಯಲಿ. ಪೆನ್ಸಿಲಿನಲ್ಲಿ ಬರೆದರೆ ತಿದ್ದಲು ಸುಲಭ. ಲೆಕ್ಕದಲ್ಲಿ ನಷ್ಟ ಕಂಡರೆ ಬೆಲೆ ತಿದ್ದಿ, ಗಿಡದ ಸಂಖ್ಯೆ ತಿದ್ದಿ. ಆದರೂ ಹೊಂದದಿದ್ದರೆ ಆ ಕಸುಬನ್ನೇ ಬಿಡಿ. ಒಂದು ಹಾಳೆ ಮಾತ್ರ ಹಾಳಾಯಿತು.

ಅಮ್ಮನ ಓಲೆ ಬಿಡಿಸಲು ನನಗೆ ಮತ್ತೆರಡು ವರ್ಷ ಹಿಡಿಯಿತು. ಅವರು ಒಂದು ಮಾತೂ ಆಡಲಿಲ್ಲ. ಬರಿಗಿವಿಯಲ್ಲಿ ಅವರು ಮದುವೆ ಮನೆಗೆ ಹೊರಟಾಗಲೆಲ್ಲ ನನಗೆ ತಲೆಯೆತ್ತಲು ಆಗುತ್ತಿರಲಿಲ್ಲ. ಆ ಸಂಕಟ ನಿಮ್ಮ ಮನೆಗೆ ಬಾರದಿರಲಿ ಎಂದೇ ಇಷ್ಟು ಹೇಳಿದೆ. ನಿಮ್ಮ ಹಾಳೆಗಳನ್ನು ತನ್ನಿರಿ, ಜೊತೆಯಲ್ಲಿ ಕುಳಿತು ನೋಡೋಣ.